ಫೆಬ್ರುವರಿಯಲ್ಲಿ ಎಣಿಸಿದ ಊರುಗಳು: ರಾಯಚೂರು, ದೇವದುರ್ಗ, ಮಾನ್ವಿ



ನಮ್ಮ ಭಾಗದಲ್ಲಿ ದತ್ತಿ ಉಪನ್ಯಾಸವೆಂದರೆ ದಾಸಸಾಹಿತ್ಯ, ಇಲ್ಲವೆ ವಚನ, ಇಲ್ಲವೆ ನಿಜಾಮರ ಕಾಲದ ಹೋರಾಟ. ಅದು ಸಹಜವೇ. ವಿಜಯದಾಸರ ಚೀಕಲಪರವಿ ಮಾನ್ವಿ ಸೀಮೆಯದು, ಗೋಪಾಲದಾಸರ ಮೊಸರುಕಲ್ಲು ದೇವದುರ್ಗದ್ದು, ಜಗನ್ನಾಥದಾಸರಂತೂ ಮಾನ್ವಿಯವರೇ. ಅವರ ಬಗ್ಗೆ ಮಾತಾಡಲು ನನಗಿಂತ ಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ನಾನು ಓದಿಸಿದ್ದು ಅರ್ಥಶಾಸ್ತ್ರ. ಹಾಗಾಗಿ ಒಂದು ಜಿಲ್ಲಾ ಕೇಂದ್ರದಲ್ಲಿ, ಅದರ ಎರಡು ತಾಲ್ಲೂಕು ಪಟ್ಟಣಗಳಲ್ಲಿ ಎಷ್ಟು ಮಂದಿ ಇದ್ದಾರೆ, ಎಲ್ಲಿಂದ ಬಂದರು, ಏನು ದುಡಿದು ಉಣ್ಣುತ್ತಾರೆ, ಎಷ್ಟು ತಿಂಗಳು ಊರಲ್ಲಿರುತ್ತಾರೆ ಎಂಬ ಒಣ ವಿಷಯ ಆರಿಸಿಕೊಂಡೆ. ಸಂಘಟಕರು ಒಪ್ಪಿದ್ದು ಅವರ ದೊಡ್ಡತನ.

ಇಂಥ ವಿವರ ಬೇರೆ ಕಡೆ ಹೇಗೆ ಸಿಗುತ್ತದೆಂದು ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ದೇವದುರ್ಗದಷ್ಟೇ ಇರುವ ಒಂದು ಊರಿನ ಹೆಸರು ಹೇಳಿದರೆ ಸಾಕು. ಅಲ್ಲಿನ ಮನೆಗಳ ಸರಾಸರಿ ಆದಾಯ, ಬಡತನ ರೇಖೆಯ ಕೆಳಗಿರುವವರು, ಕೆಲಸಕ್ಕೆ ಹೋಗಿಬರಲು ಹಿಡಿಯುವ ನಿಮಿಷಗಳು, ಮನೆಯಲ್ಲಾಡುವ ಭಾಷೆ ಎಲ್ಲವೂ ಒಂದೇ ಹಾಳೆಯಲ್ಲಿ ದೊರೆಯುತ್ತವೆ. ಹತ್ತು ವರ್ಷಕ್ಕೊಮ್ಮೆ ಏಪ್ರಿಲ್ 1ರ ಲೆಕ್ಕದಲ್ಲಿ ತಲೆ ಎಣಿಸುವುದು ಒಂದು ಕೆಲಸ. ಅದರ ಜೊತೆಗೆ 2005ರಿಂದ ಪ್ರತಿ ತಿಂಗಳೂ ದೇಶದ ತುಂಬ ಒಂದಷ್ಟು ಮನೆಗಳನ್ನು ಆರಿಸಿ ಪ್ರಶ್ನೆ ಕೇಳುವ ಸಮೀಕ್ಷೆಯೊಂದು ನಡೆಯುತ್ತಿದೆ. ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳು. 65 ಸಾವಿರಕ್ಕಿಂತ ದೊಡ್ಡ ಊರಿಗೆ ವರ್ಷವರ್ಷವೂ ಅಂಕಿಅಂಶ ಕೊಡುತ್ತಾರೆ, ಸಣ್ಣ ಊರುಗಳಿಗೆ ಐದು ವರ್ಷದ ಉತ್ತರಗಳನ್ನು ಕೂಡಿಸಿ ಕೊಡುತ್ತಾರೆ. ನಮ್ಮಲ್ಲಿ 2025ರ ಜನವರಿಯಿಂದ ಕಾರ್ಮಿಕ ಬಲದ ಸಮೀಕ್ಷೆ ತಿಂಗಳಿಗೊಮ್ಮೆ ಬರತೊಡಗಿದೆ, ಅದರ ಮಾದರಿಗೆ ಜಿಲ್ಲೆಯನ್ನು ಘಟಕ ಮಾಡಿದ್ದಾರೆ. ಒಳ್ಳೆಯದು. ಆದರೆ ಮಾನ್ವಿ ಎಂಬ ಪಟ್ಟಣ ಅದರಲ್ಲಿ ಕಾಣುವುದಿಲ್ಲ. ನಮಗೆ ಗತಿ 2011ರ ಜನಗಣತಿಯೇ. 2021ರದ್ದು ಕೋವಿಡ್ ಹೆಸರಲ್ಲಿ ನಿಂತಿತು. 2011ರಲ್ಲಿ ಹುಟ್ಟಿದ ಕೂಸು ಈಗ ಹೈಸ್ಕೂಲಿಗೆ ಹೋಗುತ್ತಿದೆ. ನಾವು ಇನ್ನೂ ಅದೇ ಅಂಕಿಗಳನ್ನು ಇಟ್ಟುಕೊಂಡು ಅನುದಾನ ಹಂಚುತ್ತಿದ್ದೇವೆ, ರೇಷನ್ ಕಾರ್ಡಿನ ಮಿತಿ ಹಾಕುತ್ತಿದ್ದೇವೆ.

ಹಳೆಯದಾದರೂ ಆ ಅಂಕಿಗಳು ಮಾತಾಡುತ್ತವೆ. 2001ರಲ್ಲಿ ರಾಯಚೂರು ಜಿಲ್ಲೆಯ ಜನಸಂಖ್ಯೆ 16.70 ಲಕ್ಷ, 2011ರಲ್ಲಿ 19.29 ಲಕ್ಷ. ಅಂದರೆ ಹತ್ತು ವರ್ಷದಲ್ಲಿ ಶೇ 15.5ರಷ್ಟು ಏರಿಕೆ. ಪೇಟೆ, ಪಟ್ಟಣಗಳಲ್ಲಿ ಇರುವವರು ನಾಲ್ವರಲ್ಲಿ ಒಬ್ಬರು. ರಾಜ್ಯದಲ್ಲಿ ಈ ಪ್ರಮಾಣ ಶೇ 38ಕ್ಕೂ ಮೇಲೆ. ಅಕ್ಷರ ಬಲ್ಲವರು ಶೇ 59.56, ರಾಜ್ಯದ ಸರಾಸರಿ 75.36. ನಮಗಿಂತ ಕೆಳಗಿದ್ದ ಜಿಲ್ಲೆ ಯಾದಗಿರಿ ಒಂದೇ. ಹೆಣ್ಣುಮಕ್ಕಳಲ್ಲಿ ಓದು ಬಂದವರು ಶೇ 48.73. ಪರಿಶಿಷ್ಟ ಜಾತಿ ಶೇ 20ರ ಮೇಲೆ, ಪರಿಶಿಷ್ಟ ಪಂಗಡ ಶೇ 19. ಪಂಗಡದ ಈ ಪ್ರಮಾಣ ರಾಜ್ಯದ ಬೇರಾವ ಜಿಲ್ಲೆಯಲ್ಲೂ ಇಲ್ಲ. ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ದೇವದುರ್ಗ, ಮಾನ್ವಿ, ಮಸ್ಕಿ, ರಾಯಚೂರು ಗ್ರಾಮೀಣ ನಾಲ್ಕೂ ಪಂಗಡಕ್ಕೆ ಮೀಸಲು, ಲಿಂಗಸುಗೂರು ಜಾತಿಗೆ ಮೀಸಲು.

ಇನ್ನು ಊರುಗಳಿಗೆ ಬರೋಣ. ರಾಯಚೂರು ನಗರ 2001ರಲ್ಲಿ ಎರಡು ಲಕ್ಷ ದಾಟಿತ್ತು, 2011ರಲ್ಲಿ 2.34 ಲಕ್ಷ ಆಯಿತು. ಏರಿಕೆ ಶೇ 13ರ ಆಸುಪಾಸು. ಮಾನ್ವಿ 37 ಸಾವಿರ ಚಿಲ್ಲರೆ ಇದ್ದದ್ದು 46 ಸಾವಿರ ದಾಟಿತು. ದೇವದುರ್ಗ 22 ಸಾವಿರದ ಹತ್ತಿರ ಇದ್ದದ್ದು 29 ಸಾವಿರದ ಹತ್ತಿರ ಬಂತು. ಈ ಸಾಲನ್ನು ಇನ್ನೊಮ್ಮೆ ನೋಡಿ. ಜಿಲ್ಲೆ ಬೆಳೆದಷ್ಟೂ ಜಿಲ್ಲಾ ಕೇಂದ್ರ ಬೆಳೆಯಲಿಲ್ಲ. ಎರಡು ಸಣ್ಣ ಪಟ್ಟಣಗಳು ದೊಡ್ಡ ನಗರಕ್ಕಿಂತ ಜೋರಾಗಿ ಬೆಳೆದವು. ಹಳ್ಳಿ ಬಿಟ್ಟವರು ಹತ್ತಿರದ ನಗರ ಸೇರುತ್ತಾರೆ, ಆ ನಗರ ಉಬ್ಬುತ್ತದೆ ಎಂದು ನಾವು ತರಗತಿಯಲ್ಲಿ ಹೇಳುತ್ತಾ ಬಂದಿದ್ದೇವೆ. ರಾಯಚೂರಿಗೆ ಅದು ಹೊಂದುವುದಿಲ್ಲ. ಇದು ತನ್ನ ಜಿಲ್ಲೆಯ ಬಡವರನ್ನೇ ಕರೆದುಕೊಳ್ಳದ ನಗರ. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಗಂಟುಮೂಟೆ, ಪಾತ್ರೆ ಚೀಲ ಇಟ್ಟುಕೊಂಡು ಕೂತವರನ್ನು ಕೇಳಿ, ಅವರು ಹತ್ತುವುದು ಬೆಂಗಳೂರಿನ ಬಸ್ಸು. ರಾಯಚೂರು ಅವರಿಗೆ ಆಸ್ಪತ್ರೆಯ ಊರು, ಕೋರ್ಟಿನ ಊರು, ಕೂಲಿಯ ಊರಲ್ಲ.

ಏಕೆ ಹೀಗೆ? ರಾಯಚೂರಿಗೆ ಏನು ಕಡಿಮೆ ಇತ್ತು? ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬಿಗಾಗಿ ಶತಮಾನಗಳ ಕಾಲ ಕಾದಾಡಿದ್ದಾರೆ. 1294ರಲ್ಲಿ ಕಾಕತೀಯ ಪ್ರತಾಪರುದ್ರನ ಆಡಳಿತದಲ್ಲಿ ಕಟ್ಟಿದ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ ಅದರ ಶಾಸನವಿದೆ, 1520ರಲ್ಲಿ ಕೃಷ್ಣದೇವರಾಯ ಇದೇ ಊರಿಗಾಗಿ ಇಸ್ಮಾಯಿಲ್ ಆದಿಲ್ ಶಾಹನ ಮೇಲೆ ಯುದ್ಧ ಮಾಡಿದ. ಕೋಟೆ ಊರಿಗೆ ಅಂದ್ರೂನ್ ಕಿಲ್ಲಾ, ಬೇರೂನ್ ಕಿಲ್ಲಾ ಎಂಬ ಬಡಾವಣೆಗಳನ್ನು ಕೊಟ್ಟಿತು. ದುಡ್ಡು ಕೊಟ್ಟದ್ದು ಮಾತ್ರ ರೈಲು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ಹಳಿ ಮದ್ರಾಸಿನ ಹಳಿಯನ್ನು ಕೂಡಿದ್ದು ರಾಯಚೂರಿನಲ್ಲಿ. ಎರೆಹೊಲದ ಹತ್ತಿ, ಶೇಂಗಾ ಮುಂಬಯಿಗೆ ಹೋಗಲು ದಾರಿಯಾಯಿತು. ಜಿನ್ನಿಂಗ್ ಫ್ಯಾಕ್ಟರಿ, ಎಣ್ಣೆ ಗಿರಣಿ, ಅಡತಿ ಅಂಗಡಿ ಬಂದವು. ಇವತ್ತಿಗೂ ರಾಜೇಂದ್ರ ಗಂಜಿನ ಅಂಗಳದಲ್ಲಿ ಹತ್ತಿ ಸುಗ್ಗಿಗೆ ನಿಂತ ಗಾಡಿಗಳಲ್ಲಿ ಗದ್ವಾಲ, ಮಕ್ತಲ್, ಆದೋನಿ ಕಡೆಯವೂ ಇರುತ್ತವೆ. ಗಡಿ ರಾಜ್ಯಗಳಿಗೆ ಗಡಿ, ಗಂಜಿಗೆ ಅಲ್ಲ. ಒಬ್ಬನೇ ಹಮಾಲ ಕನ್ನಡದಲ್ಲಿ ಬೈದು, ತೆಲುಗಿನಲ್ಲಿ ಲೆಕ್ಕ ಹೇಳಿ, ಉರ್ದುವಿನಲ್ಲಿ ಚಹಾ ಕೇಳುವುದನ್ನು ಅಲ್ಲಿ ನೋಡಬಹುದು. ಕಾರಹುಣ್ಣಿಮೆಗೆ ಎತ್ತುಗಳಿಂದ ಕಲ್ಲು ಎಳೆಸುವ ಮುನ್ನೂರುಕಾಪು ಸಮಾಜದವರು ತೆಲುಗು ಮೂಲದವರು. ಈಗ ಆ ಮುಂಗಾರು ಹಬ್ಬ ಇಡೀ ಊರಿನದು.

ಆದರೆ ಹತ್ತಿಯ ಕೆಲಸ ಋತುವಿನದು. ನವೆಂಬರಿಗೆ ಶುರುವಾಗಿ ಮಾರ್ಚಿಗೆ ಇಳಿಯುತ್ತದೆ. ಆ ಮೇಲೆ ಜಿನ್ನಿಂಗ್ ಫ್ಯಾಕ್ಟರಿಯ ಗೇಟಿಗೆ ವಾಚ್‌ಮನ್ ಒಬ್ಬನೇ. ಅಕ್ಕಿ ಗಿರಣಿಗಳಿಗೆ ವರ್ಷವಿಡೀ ಕೆಲಸವಿದ್ದರೂ ಒಳಹೊಕ್ಕು ನೋಡಿದರೆ ಮೂಟೆ ಹೊರುವವರಲ್ಲಿ ಬಿಹಾರದ ಹುಡುಗರೇ ಹೆಚ್ಚು. ದೇವದುರ್ಗದ ಹುಡುಗ ಬೆಂಗಳೂರಿನಲ್ಲಿ ಸಿಮೆಂಟು ಕಲಸುತ್ತಾನೆ, ಬಿಹಾರದವನು ರಾಯಚೂರಿನಲ್ಲಿ ಭತ್ತದ ಮೂಟೆ ಹೊರುತ್ತಾನೆ. ಇದನ್ನು ಸೋಮಾರಿತನವೆಂದು ವಿವರಿಸುವ ಸಾಹುಕಾರರು ನನಗೆ ಸಾಕಷ್ಟು ಸಿಕ್ಕಿದ್ದಾರೆ. ನಾನು ಒಪ್ಪುವುದಿಲ್ಲ. ದೂರದಿಂದ ಬಂದವನು ಗಿರಣಿಯ ಶೆಡ್ಡಿನಲ್ಲೇ ಮಲಗುತ್ತಾನೆ, ಹಬ್ಬಕ್ಕೆ ರಜೆ ಕೇಳುವುದಿಲ್ಲ, ಸತ್ತವರ ಮನೆಗೆ ಹೋಗಬೇಕೆನ್ನುವುದಿಲ್ಲ. ಮಾಲೀಕನಿಗೆ ಬೇಕಾದದ್ದು ಅದೇ. ಬೆಂಗಳೂರಿನ ಗುತ್ತಿಗೆದಾರನಿಗೂ ದೇವದುರ್ಗದವನು ಬೇಕಾಗುವುದು ಇದೇ ಕಾರಣಕ್ಕೆ. ಊರು ಬಿಟ್ಟವನ ಕೂಲಿ ಎಲ್ಲ ಕಡೆಯೂ ಅಗ್ಗ.

ಶಕ್ತಿನಗರ ಬಂದಾಗ ಬೇರೆ ಆಸೆ ಇತ್ತು. 1985ರಲ್ಲಿ ಮೊದಲ ಘಟಕ ಶುರುವಾಯಿತು; ಈಗ ಎಂಟು ಘಟಕಗಳು, 1,720 ಮೆಗಾವಾಟ್. ಮೇಲೆ ಯರಮರಸಿನ ಎರಡು ಘಟಕಗಳ 1,600. ನೀರು ಕೃಷ್ಣೆಯದು, ಕಲ್ಲಿದ್ದಲು ಹೊರಗಿನದು, ಬೂದಿ ನಮ್ಮದು. ಇಷ್ಟು ದೊಡ್ಡ ಕಾರ್ಖಾನೆ ನಗರದ ಹತ್ತಿರವೇ ಇದ್ದರೂ ಅದರ ಸುತ್ತ ಬೇರೆ ಕಾರ್ಖಾನೆಗಳು ಹುಟ್ಟಲಿಲ್ಲ, ಏಕೆಂದರೆ ವಿದ್ಯುತ್ತು ಬಳಸಲು ಅದರ ಪಕ್ಕದಲ್ಲೇ ಇರಬೇಕಿಲ್ಲ. ತಂತಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಕಾಯಂ ನೌಕರಿ ಸಿಕ್ಕವರ ಮನೆಗಳು ಸುಧಾರಿಸಿದವು, ಗುತ್ತಿಗೆ ಕಾರ್ಮಿಕರದು ಇನ್ನೊಂದು ಕಥೆ. ಹಟ್ಟಿಯ ಚಿನ್ನದ ಗಣಿಯನ್ನು ನಾನಿಲ್ಲಿ ಬಿಡುತ್ತೇನೆ, ಅದು ಲಿಂಗಸುಗೂರಿನ ಲೆಕ್ಕಕ್ಕೆ ಸೇರಿದ್ದು.

ನಗರದ ಈಗಿನ ಸಂಬಳದ ದುಡ್ಡು ಬರುವುದು ಸರ್ಕಾರದಿಂದ, ಓದಿನಿಂದ, ಆಸ್ಪತ್ರೆಗಳಿಂದ. 2008ರಲ್ಲಿ ಕೃಷಿ ವಿಶ್ವವಿದ್ಯಾಲಯ, ಅದಕ್ಕೂ ಮುಂಚೆ ರಿಮ್ಸ್ ವೈದ್ಯಕೀಯ ಕಾಲೇಜು, 2019ರಲ್ಲಿ ಐಐಐಟಿ, ಆಮೇಲೆ ಮಹರ್ಷಿ ವಾಲ್ಮೀಕಿ ಹೆಸರಿನ ವಿಶ್ವವಿದ್ಯಾಲಯ. ಐಐಟಿ ಧಾರವಾಡಕ್ಕೆ ಹೋಯಿತು. ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ನಗರಸಭೆ ಮಹಾನಗರ ಪಾಲಿಕೆಯಾಗಿದೆ. ಸಂತೋಷ. ಆದರೆ ಧರಣಿ ಶುರುವಾದ ಅದೇ ಬೇಸಿಗೆಯಲ್ಲಿ ಈ ನಗರದಲ್ಲಿ ನಲ್ಲಿಯ ಕೊಳೆನೀರು ಕುಡಿದು ಜನ ಸತ್ತರು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಬೋರ್ಡು ಬದಲಾದರೆ ಪೈಪು ಬದಲಾಗುವುದಿಲ್ಲ.

ಮಾನ್ವಿಯ ಕಥೆ ಪೂರ್ತಿ ಬೇರೆ, ಅದು ಕಾಲುವೆಯ ಕಥೆ. 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೆ ಮುಗಿದು ಎಡದಂಡೆಯಲ್ಲಿ ನೀರು ಹರಿಯತೊಡಗಿದಾಗ ಇಲ್ಲಿಯ ಒಕ್ಕಲಿಗ ಜೋಳದವನು. ಭತ್ತ ನೆಡಲು ಬಂದವರು ಕರಾವಳಿ ಆಂಧ್ರದ ರೈತರು. ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಹಿಡಿದರು. ಊರಿಂದ ದೂರ, ಕಾಲುವೆಯ ಬದಿಯಲ್ಲಿ ಗುಡಿಸಲು ಹಾಕಿದರು. ಅವೇ ಇವತ್ತಿನ ಕ್ಯಾಂಪುಗಳು. ಸಿಂಧನೂರು, ಮಾನ್ವಿ ಕಡೆ ಮೂರನೆಯ ತಲೆಮಾರು ಬಂದರೂ ಕ್ಯಾಂಪು ಕ್ಯಾಂಪೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮತದಾನ ಇಲ್ಲೇ. ಸೋನಾ ಮಸೂರಿಯ ಹೆಸರು ಈ ಸೀಮೆಗೆ ಅಂಟಿದ್ದು ಇವರಿಂದ. ಇವರು ಬಂದದ್ದರಿಂದ ಮಾನ್ವಿಯಲ್ಲಿ ಗಿರಣಿ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಷೋರೂಮು, ಬ್ಯಾಂಕು ಬಂದವು. ಪಟ್ಟಣ ಬೆಳೆದ ವೇಗಕ್ಕೆ ಇದೇ ಮೂಲ. ನೆಲ ಮಾರಿಕೊಂಡ ಸ್ಥಳೀಯರಲ್ಲಿ ಎಷ್ಟೋ ಮಂದಿ ಅದೇ ಹೊಲದಲ್ಲಿ ಸಸಿ ನೆಡಲು ನಿಂತರು ಎಂಬುದೂ ನಿಜ. ಯಾರನ್ನೂ ದೂರಲು ಹೇಳುತ್ತಿಲ್ಲ. ನೀರು ಬರುವುದಕ್ಕೆ ಮುಂಚೆ ನೆಲದ ಬೆಲೆ ಗೊತ್ತಿದ್ದವರು ಬಂದರು, ಗೊತ್ತಿಲ್ಲದವರು ಕೊಟ್ಟರು.

ಈಗ ಆ ನೀರೇ ಮಾನ್ವಿಯ ತಲೆನೋವು. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ, ಮಾನ್ವಿ, ಸಿರವಾರ, ರಾಯಚೂರು ಅದರ ಕೊನೆ ಭಾಗ. ಮೇಲ್ಭಾಗದಲ್ಲಿ ಅಚ್ಚುಕಟ್ಟಿನ ಆಚೆಗೂ ಭತ್ತ, ಪಂಪ್‌ಸೆಟ್ಟು. ಹಾಗಾಗಿ 69ನೇ ಮೈಲಿನಲ್ಲಿ ಗೇಜ್ ಎಷ್ಟು ಎಂಬುದು ಮಾನ್ವಿಯಲ್ಲಿ ಹವಾಮಾನ ವರದಿಗಿಂತ ಮುಖ್ಯ. ಕಾಲುವೆಯುದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರು ನೀರು ಕಾಯುವ ವರ್ಷಗಳಿವೆ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಹೊಸಪೇಟೆಯಲ್ಲಿ ಆದದ್ದು ಮಾನ್ವಿಯ ಗೊಬ್ಬರದಂಗಡಿಯ ಉದ್ರಿ ಪುಸ್ತಕದವರೆಗೆ ಬಂತು. ಇನ್ನೊಂದು ವಿಚಿತ್ರವೂ ಉಂಟು: ಮಾನ್ವಿ ಸೀಮೆಯ ರಾಜೋಳಿಬಂಡಾದಲ್ಲಿ ತುಂಗಭದ್ರೆಗೆ ಅಡ್ಡ ಕಟ್ಟಿದ ಆಣೆಕಟ್ಟಿನ ನೀರು ಬಹುಪಾಲು ಗದ್ವಾಲದ ಹೊಲಗಳದು. ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾದ ವರ್ಷ ಮಾನ್ವಿಯ ಸಂತೆ ಸಪ್ಪಗಾಗುತ್ತದೆ, ಮದುವೆ ಮುಂದೆ ಹೋಗುತ್ತವೆ, ಕೂಲಿಯವರು ಊರು ಬಿಡುತ್ತಾರೆ.

ದೇವದುರ್ಗಕ್ಕೆ ಇದ್ದದ್ದು ಕೃಷ್ಣೆ, ಆದರೆ ಅದು ಬಹುಕಾಲ ದಡದಲ್ಲೇ ಹರಿದುಹೋಗುವ ನದಿ. ಬಸವಸಾಗರದಿಂದ ನೀರು ಬಿಟ್ಟರೆ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಬಿಡದಿದ್ದರೆ ಹೊಲ ಒಣಗುತ್ತದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವು ಎಂದಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು, ಎಲ್ಲಕ್ಕಿಂತ ಕೆಳಗೆ ದೇವದುರ್ಗ. ಎಂಟು ವರ್ಷದಲ್ಲಿ 31 ಸಾವಿರ ಕೋಟಿ ರೂಪಾಯಿ ಖರ್ಚು ಮಾಡಬೇಕೆಂದು ಆ ವರದಿ ಹೇಳಿತ್ತು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರಡಿ ಅಭಿವೃದ್ಧಿ ಮಂಡಳಿ ಬಂತು, 2018ರಲ್ಲಿ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಯಾದಗಿರಿಯ ಜೊತೆ ರಾಯಚೂರೂ ಸೇರಿತು. ನಾರಾಯಣಪುರ ಬಲದಂಡೆ ಕಾಲುವೆಯೂ ದೇವದುರ್ಗ ತಲುಪಿತು. ಕಾಲುವೆ ಬಂದರೆ ಗುಳೆ ನಿಲ್ಲುತ್ತದೆಂದು ಎಲ್ಲರೂ ಹೇಳುತ್ತಿದ್ದರು. ನಿಲ್ಲಲಿಲ್ಲ. ನೀರು ಹರಿದದ್ದು ಹೊಲ ಇದ್ದವರ ಹೊಲಕ್ಕೆ. ಹೊಲವಿಲ್ಲದವನಿಗೆ ಸಿಕ್ಕದ್ದು ನಾಟಿಯ ಕೆಲವು ವಾರ. ಕೊಯ್ಲಿಗೆ ಮಷಿನ್ ಬಂತು. ಆಳುಗಳು ದಿನಗಟ್ಟಲೆ ಕೊಯ್ಯುತ್ತಿದ್ದ ಗದ್ದೆಯನ್ನು ಅದು ಒಂದು ಹೊತ್ತಿನಲ್ಲಿ ಮುಗಿಸುತ್ತದೆ.

ಗುಳೆಯ ಕ್ರಮ ನಿಮಗೆ ಗೊತ್ತಿರುವುದೇ. ದೀಪಾವಳಿ ಕಳೆದು ಹೊಲದ ಕೆಲಸ ತೆಳುವಾದ ಮೇಲೆ ಮೇಸ್ತ್ರಿ ಬಂದು ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ಎದೆಹಾಲಿನ ಕೂಸು ಹೋಗುತ್ತಾರೆ. ಶಾಲೆಗೆ ಹೋಗುವ ಮಗು ಅಜ್ಜಿಯ ಬಳಿ ಉಳಿದರೆ ಉಳಿಯಿತು, ಇಲ್ಲದಿದ್ದರೆ ಅದೂ ಹೋಗುತ್ತದೆ. ಬೆಂಗಳೂರು, ಪುಣೆ, ಹೈದರಾಬಾದು. ತಾಂಡಾಗಳಲ್ಲಿ, ದೊಡ್ಡಿಗಳಲ್ಲಿ ಫೆಬ್ರುವರಿಯ ಹೊತ್ತಿಗೆ ಮನೆ ಮನೆಗೆ ಕೀಲಿ. ಪಕ್ಕದ ಮುದುಕಿಯನ್ನು ಕೇಳಿದರೆ, “ದುಡಿಯಾಕ ಹೋಗ್ಯಾರ್ರಿ, ಉಗಾದಿಗೆ ಬರ್ತಾರ” ಅನ್ನುತ್ತಾಳೆ.

ನನ್ನ ಮಾತಿನ ಒತ್ತು ಇರುವುದು ಇಲ್ಲಿ. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ನಿಯಮ ಹೀಗಿತ್ತು: ಆ ಅವಧಿ ಪೂರ್ತಿ ಊರಲ್ಲಿ ಇಲ್ಲದವರನ್ನು ಆ ಊರಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವರು ಎಲ್ಲಿದ್ದಾರೋ ಅಲ್ಲೇ ಎಣಿಸಬೇಕು. ದೇಶಕ್ಕೆ ಈ ನಿಯಮ ಸರಿಯಿರಬಹುದು. ದೇವದುರ್ಗಕ್ಕೆ ಅದರ ಅರ್ಥವೇನು? ಬೆಂಗಳೂರಿನ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿದ್ದ ಸಂಸಾರವನ್ನು ಅಲ್ಲಿಯ ಎಣಿಕೆದಾರ ಕಂಡಿದ್ದರೆ ಅವರು ಬೆಂಗಳೂರಿನವರು. ಕಾಣದಿದ್ದರೆ ಎಲ್ಲಿಯವರೂ ಅಲ್ಲ. ಜೂನ್ ತಿಂಗಳಲ್ಲಿ ಅದೇ ಸಂಸಾರ ದೇವದುರ್ಗ ತಾಲ್ಲೂಕಿನ ಅಂಗನವಾಡಿಯಲ್ಲಿ ಮಗುವಿಗೆ ಊಟ ಕೇಳುತ್ತದೆ, ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಲ್ಲುತ್ತದೆ. ದುಡ್ಡು ಬಂದಿರುವುದು ಫೆಬ್ರುವರಿಯ ತಲೆಗಳಿಗೆ, ಉಣ್ಣಬೇಕಾದವರು ಜೂನಿನವರು.

ಒಂದು ಅಂಕಿ ಈ ಮಾತಿಗೆ ಒತ್ತಾಸೆಯಾಗಿದೆ. 2001ರಲ್ಲಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 983 ಹೆಂಗಸರಿದ್ದರು, 2011ರಲ್ಲಿ ಸರಿಯಾಗಿ ಸಾವಿರಕ್ಕೆ ಸಾವಿರ. ಹೆಣ್ಣು ಗಂಡು ಸಮವಾಯಿತೆಂದು ಭಾಷಣಗಳಲ್ಲಿ ಕೊಂಡಾಡಿದ್ದು ಕೇಳಿದ್ದೇನೆ. ಆದರೆ ಆರು ವರ್ಷದೊಳಗಿನ ಮಕ್ಕಳಲ್ಲಿ ಆ ಸಮತೆ ಇರಲಿಲ್ಲ, ಹೆಣ್ಣುಕೂಸುಗಳು ಕಡಿಮೆಯೇ ಇದ್ದವು. ಹಾಗಿದ್ದರೆ ಒಟ್ಟಿನ ಸಮತೆ ಎಲ್ಲಿಂದ ಬಂತು? ಎಣಿಸುವಾಗ ದುಡಿಯುವ ವಯಸ್ಸಿನ ಗಂಡಸರು ಊರಲ್ಲಿರಲಿಲ್ಲ ಎಂಬುದು ನನ್ನ ಗುಮಾನಿ. ಎಲ್ಲ ಗುಳೆಯೂ ಸಂಸಾರ ಸಮೇತ ಹೋಗುವುದಿಲ್ಲ. ಒಂಟಿ ಹುಡುಗರ ತಂಡಗಳು ಬೇರೆ. ನಾವು ಹೆಮ್ಮೆಪಟ್ಟದ್ದು ಖಾಲಿ ಜಾಗಕ್ಕೆ.

ಇದೆಲ್ಲ ಬರೀ ಲೆಕ್ಕದ ತಕರಾರು ಎಂದು ಯಾರಾದರೂ ಅನ್ನಬಹುದು. ಲೆಕ್ಕ ತಪ್ಪಿದ ಊರಿಗೆ ಶಾಲಾ ಕೋಣೆ ತಪ್ಪುತ್ತದೆ, ನೀರಿನ ಟ್ಯಾಂಕಿನ ಅಳತೆ ತಪ್ಪುತ್ತದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಮನೆಮನೆ ಸಮೀಕ್ಷೆ ಶುರುಮಾಡಿದಾಗ ಅದಕ್ಕೆ ಬೇರೆ ನೂರು ಟೀಕೆ ಬಂದವು; ನನಗೆ ಮಾತ್ರ ಸಮಾಧಾನವಾಗಿತ್ತು. ಆ ಹೊತ್ತಿಗೆ ನಮ್ಮ ಮಂದಿ ಮನೆಯಲ್ಲಿರುತ್ತಾರೆ. ಆ ಅಂಕಿಗಳನ್ನೂ ಜನಗಣತಿಯ ಅಂಕಿಗಳನ್ನೂ ತಾಲ್ಲೂಕುವಾರು ಅಕ್ಕಪಕ್ಕ ಇಟ್ಟು ನೋಡುವ ಕೆಲಸವನ್ನು ಇಲ್ಲಿ ಕೂತಿರುವ ಎಂ.ಎ. ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೆತ್ತಿಕೊಳ್ಳಬೇಕು. ಪಿಎಚ್.ಡಿಗೆ ವಿಷಯ ಸಿಗುತ್ತಿಲ್ಲ ಎಂದು ನನ್ನ ಹತ್ತಿರ ಬರುವವರಿಗೆ ಇದನ್ನೇ ಹೇಳುತ್ತೇನೆ.

ಮುಂದಿನ ಜನಗಣತಿ 2027ರ ಫೆಬ್ರುವರಿಯಲ್ಲಿ, ಮಾರ್ಚ್ 1ರ ಲೆಕ್ಕಕ್ಕೆ. ಮತ್ತೆ ಅದೇ ತಿಂಗಳು, ಮತ್ತೆ ಅದೇ ಕೀಲಿ ಹಾಕಿದ ಮನೆಗಳು. ದಿನಾಂಕ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಗ್ರಾಮ ಪಂಚಾಯಿತಿಯವರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು ಸೇರಿ ದೀಪಾವಳಿಗೆ ಮುಂಚೆಯೇ ಗುಳೆ ಹೋಗುವ ಸಂಸಾರಗಳ ಪಟ್ಟಿ ಮಾಡಬಹುದು. ಯಾವ ಊರಿಗೆ, ಯಾವ ಮೇಸ್ತ್ರಿಯ ಕೈಕೆಳಗೆ, ಎಷ್ಟು ಮಂದಿ ಎಂದು ಬರೆದಿಡಬಹುದು. ಜಿಲ್ಲಾಡಳಿತ ಆ ಪಟ್ಟಿಯನ್ನು ಬೆಂಗಳೂರಿನ ಎಣಿಕೆ ಕಚೇರಿಗಳಿಗೆ ಕಳಿಸಿ ಶೆಡ್ಡುಗಳನ್ನು ಬಿಡದಂತೆ ಕೇಳಬಹುದು. ಜಿಲ್ಲೆಯ ಯೋಜನೆ ಮಾಡುವಾಗ ಜನಗಣತಿಯ ಅಂಕಿಯ ಪಕ್ಕದಲ್ಲಿ ಈ ಪಟ್ಟಿಯ ಅಂಕಿಯನ್ನೂ ಬರೆಯಬಹುದು. ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ದುಡ್ಡೂ ಬೇಡ. ಸಭೆಯಲ್ಲಿರುವ ಪಂಚಾಯಿತಿ ಸದಸ್ಯರು ಈ ಪಟ್ಟಿಯನ್ನು ತಮ್ಮ ಊರಿನಿಂದಲೇ ಶುರುಮಾಡಬೇಕೆಂದು ಕೈಮುಗಿದು ಕೇಳುತ್ತೇನೆ.